‘ಹೋ’ ಎಂದರೆ ಗುದ್ದಲಿಯೋ, ಎಡೆಕುಂಟೆಯೋ?

ಇಂಗ್ಲಿಷಿನ ‘ಹೋ’ ಎಂಬ ಚಿಕ್ಕ ಪದವು ಉಪಕರಣಗಳ ಬೆಲೆಪಟ್ಟಿಯಲ್ಲಿಯೂ ಬೇಸಾಯದ ಕೈಪಿಡಿಗಳಲ್ಲಿಯೂ ಮೇಲಿಂದ ಮೇಲೆ ಬರುತ್ತದೆ. ಎತ್ತುಗಳನ್ನು ನಿಲ್ಲಿಸಲು ನಾವು ಕೂಗುವ ‘ಹೋ’ಗೂ ಇದಕ್ಕೂ ಸಂಬಂಧವಿಲ್ಲ. ನಿಘಂಟಿನಲ್ಲಿ ‘ಗುದ್ದಲಿ’ ಎಂಬ ಅರ್ಥ ಸಿಗುತ್ತದೆ. ಅದು ತಪ್ಪಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ. ‘ರಾಗಿಗೆ ಎರಡು ಬಾರಿ ಹೋಯಿಂಗ್’ ಎಂಬ ಶಿಫಾರಸನ್ನು ‘ಎರಡು ಬಾರಿ ಗುದ್ದಲಿಯಿಂದ ಅಗೆಯಬೇಕು’ ಎಂದು ತಿಳಿದರೆ ಎಕರೆಗೆ ಎಷ್ಟು ಆಳು ಬೇಕಾದೀತೆಂಬುದನ್ನು ರೈತ ಬಾಂಧವರೇ ಲೆಕ್ಕ ಹಾಕಬಹುದು. ಅದು ಜೋಡೆತ್ತಿನ ಎಡೆಕುಂಟೆಯಿಂದ ಮುಗಿಯುವ ಕೆಲಸ.

ಇಂಗ್ಲಿಷರ ಕೈ ಹೋ ಎಂಬುದು ಉದ್ದ ಹಿಡಿಯ ತುದಿಗೆ ಅಡ್ಡಲಾಗಿ ಕೂಡಿಸಿದ ತೆಳು ಅಲಗು. ಅದನ್ನು ತಮ್ಮ ಕಡೆಗೆ ಎಳೆದು ಕಳೆ ಕತ್ತರಿಸುತ್ತಾರೆ. ‘ಡಚ್ ಹೋ’ ಎಂಬುದನ್ನು ಮಾತ್ರ ಮುಂದಕ್ಕೆ ತಳ್ಳಬೇಕು. ನಮ್ಮ ಗುದ್ದಲಿ ರೂಪದಲ್ಲಿ ಹೋ ಆದರೂ ಬದು ಹಾಕುವುದು, ಕಾಲುವೆ ತೋಡುವುದು ಮುಂತಾದ ಭಾರಿ ಕೆಲಸಕ್ಕೆ ಒದಗುತ್ತದೆ. ಅಲ್ಲಿನವರು ಆ ಕೆಲಸಕ್ಕೆ ಕಾಲಿನಿಂದ ಒತ್ತಿ ಅಗೆಯುವ ನೆಟ್ಟನೆಯ ‘ಸ್ಪೇಡ್’ ಬಳಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಗುದ್ದಲಿಯೂ ‘ಸ್ಪೇಡ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದುಂಟು. ಆದುದರಿಂದ ಬೇಡಿಕೆ ಪಟ್ಟಿ ಬರೆಯುವವರು ಹೆಸರಿನ ಜೊತೆಗೆ ಅಲಗಿನ ಆಕಾರವನ್ನೂ ಅಗಲವನ್ನೂ ನಮೂದಿಸುವುದು ಲೇಸು.

ಕುಂಟೆಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಬಿತ್ತನೆಗೆ ಮುಂಚೆ ಹೊಲ ಹಸನು ಮಾಡುವ ದೊಡ್ಡ ಕುಂಟೆಗೆ ‘ಬ್ಲೇಡ್ ಹ್ಯಾರೋ’ ಎಂದೂ, ಬೆಳೆಯ ಸಾಲುಗಳ ನಡುವೆ ಹಾಯಿಸುವ ಎಡೆಕುಂಟೆಗೆ ‘ಬ್ಲೇಡ್ ಹೋ’ ಎಂದೂ ಪುಸ್ತಕಗಳಲ್ಲಿ ಹೆಸರು. ಎರಡರ ರೂಪ ಒಂದೇ ಬಗೆಯದು. ಬಿತ್ತನೆಗೆ ಮೊದಲೋ ನಂತರವೋ ಎಂಬುದರ ಮೇಲೆ ಹೆಸರು ಬದಲಾಗುತ್ತದೆ.

ಇಂಗ್ಲೆಂಡಿನ ಜೆತ್ರೊ ಟಲ್ ಎಂಬಾತ 1731ರಲ್ಲಿ ಪುಸ್ತಕ ಬರೆದು, ಸಾಲಿನಲ್ಲಿ ಬಿತ್ತಿ ನಡುವೆ ಕುದುರೆ ಕಟ್ಟಿದ ಹೋ ಹಾಯಿಸಿರೆಂದು ತನ್ನ ಜನರನ್ನು ಒತ್ತಾಯಿಸಿದ. ಗಿಡಗಳು ಮಣ್ಣಿನ ನಯವಾದ ಕಣಗಳನ್ನೇ ತಿನ್ನುತ್ತವೆಂಬ ಅವನ ನಂಬಿಕೆ ತಪ್ಪಾದರೂ ಹೇಳಿದ ಕ್ರಮ ಸರಿಯಾಗಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕೂರಿಗೆಯನ್ನೂ ಕುಂಟೆಯನ್ನೂ ಕಂಡು, ಕುಂಟೆಯನ್ನು ಎತ್ತು ಎಳೆಯುವ ಹೋ ಎಂದೇ 1807ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ.

ಹೋಯಿಂಗ್ ಎಂದರೆ ಆಳವಾದ ಅಗೆತವಲ್ಲ. ಸಾಲಿನಿಂದ ಸಾಲಿಗೆ 30 ಸೆಂ.ಮೀ. ಅಂತರವಿಟ್ಟು ಬಿತ್ತಿದ ರಾಗಿಯಲ್ಲಿ, ಪೈರು ಮೂರು ನಾಲ್ಕು ವಾರದ್ದಿರುವಾಗ ಮೊದಲ ಬಾರಿ ಎಡೆ ಹೊಡೆಯಬೇಕು. ಅಲಗು ಎರಡು ಇಂಚಿಗಿಂತ ಕೆಳಗಿಳಿದರೆ ಬೇರು ಹರಿಯುತ್ತದೆ. ಮಳೆ ಬಂದು ನೆಲ ಹದಕ್ಕೆ ಬಂದಾಗ ಹೊಡೆದರೆ ಕಳೆ ಸಾಯುವುದಲ್ಲದೆ, ಹೆಪ್ಪುಗಟ್ಟಿದ ಮೇಲ್ಮಣ್ಣು ಸಡಿಲಾಗಿ ಮುಂದಿನ ಮಳೆನೀರು ಇಂಗುತ್ತದೆ. ಎತ್ತಿಲ್ಲದವರು ಕೈಯಿಂದ ನೂಕುವ ‘ವೀಲ್ ಹೋ’, ಅಂದರೆ ಸೈಕಲ್ ಕುಂಟೆ, ಉಪಯೋಗಿಸಬಹುದು.

ಇಂದು ಕೆರೆಯ ಹೂಳೆತ್ತಲು ಬರುವ ಜೆಸಿಬಿಯ ಹಿಂಬದಿಯ ತೋಳಿಗೂ ಇಂಗ್ಲಿಷಿನಲ್ಲಿ ‘ಬ್ಯಾಕ್ ಹೋ’ ಎಂದೇ ಹೆಸರು. ಅದು ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಗುದ್ದಲಿಯಂತೆಯೇ.