ಹಾಯಿನೌಕೆಯ ಅಡಿಹಲಗೆ: ಆಳದ್ದೋ, ಗಿಡ್ಡದ್ದೋ?

ಹಾಯಿನೌಕೆಯು ಗಾಳಿ ಬೀಸುವ ಕಡೆಗೆ ಮಾತ್ರವೇ ಸಾಗಬಲ್ಲುದೆಂಬ ಭಾವನೆಯು ಜನಸಾಮಾನ್ಯದಲ್ಲಿ ಉಂಟು. ಆದರೆ ಚೆನ್ನಾಗಿ ರಚಿತವಾದ ನೌಕೆಯು ಗಾಳಿಯು ಬರುವ ದಿಕ್ಕಿಗೆ ಸುಮಾರು 45 ಡಿಗ್ರಿಗಳಷ್ಟು ಓರೆಯಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ, ಗಾಳಿಗೆ ಎದುರಾಗಿಯೂ ಮುಂದುವರಿಯಬಲ್ಲುದು. ಈ ಸಾಮರ್ಥ್ಯವು ಹಾಯಿಯೊಂದರಿಂದಲೇ ಬರುವುದಲ್ಲ. ನೀರಿನೊಳಗೆ ಕಣ್ಣಿಗೆ ಮರೆಯಾಗಿರುವ, ಇಂಗ್ಲಿಷಿನಲ್ಲಿ ಕೀಲ್ ಎಂದು ಹೆಸರುಳ್ಳ ಅಡಿಹಲಗೆಯು ಅದಕ್ಕೆ ಅಷ್ಟೇ ಮುಖ್ಯವಾದ ಕಾರಣ. ಈ ಹಲಗೆಯು ಎಷ್ಟು ಆಳವಾಗಿರಬೇಕೆಂಬ ವಿಚಾರದಲ್ಲಿ ನೌಕಾಶಿಲ್ಪಿಗಳಿಗೆ ನೂರೈವತ್ತು ವರ್ಷಗಳಿಗೆ ಮೀರಿದ ವಾದವಿದೆ. ಪಂದ್ಯದ ಸೋಲುಗೆಲುವು ಮಾತ್ರವಲ್ಲದೆ ಪ್ರಾಣರಕ್ಷಣೆಯೂ ಅದರಲ್ಲಿ ಸೇರಿರುವುದರಿಂದ ವಿಷಯವು ವಿವೇಚನೆಗೆ ಅರ್ಹವಾದುದು.

ಕುಟುಂಬದೊಡನೆ ವಿಹರಿಸುವುದಕ್ಕೂ ವಾರಾಂತ್ಯದ ಪಂದ್ಯಕ್ಕೂ ಒಂದೇ ನೌಕೆಯು ಒದಗಬೇಕೆಂಬ ಉದ್ದೇಶದಿಂದ ಕಟ್ಟಲ್ಪಡುವ ನೌಕೆಗಳಲ್ಲಿ ಈ ವಾದವು ಸ್ಪಷ್ಟವಾಗಿ ಕಾಣುತ್ತದೆ. ಇವುಗಳಲ್ಲಿ ಅನೇಕವು ಒಂದೇ ಒಡಲಿಗೆ ಎರಡು ವಿಧದ ಅಡಿಹಲಗೆಗಳೊಡನೆ ಮಾರಾಟಕ್ಕೆ ಬಂದಿವೆ. ರಾಡ್ ಜಾನ್‌ಸ್ಟೋನ್ ರಚಿಸಿದ, 34½ ಅಡಿ ಉದ್ದದ ಜೆ/105 ಎಂಬ ಅಮೆರಿಕನ್ ನೌಕೆಯು ಆಳದ ರೂಪದಲ್ಲಿ 6½ ಅಡಿ, ಗಿಡ್ಡ ರೂಪದಲ್ಲಿ 5½ ಅಡಿ ನೀರಿನೊಳಕ್ಕೆ ಇಳಿಯುತ್ತದೆ. ಕ್ಯಾಟಲೀನಾ 30 ಎಂಬುದರಲ್ಲಿ ಈ ಅಳತೆಗಳು 5 ಅಡಿ 3 ಅಂಗುಲ ಮತ್ತು 3 ಅಡಿ 10 ಅಂಗುಲ. ಈ ಒಂದು ಒಂದೂವರೆ ಅಡಿಯ ಅಂತರದಿಂದ ಆಗುವ ಲಾಭನಷ್ಟಗಳನ್ನು ತಿಳಿಯಲು ಅಡಿಹಲಗೆಯ ಎರಡು ಕಾರ್ಯಗಳನ್ನು ಮೊದಲು ಅರಿಯಬೇಕು.

ಮೊದಲನೆಯ ಕಾರ್ಯವು ಪಕ್ಕಕ್ಕೆ ಸರಿಯುವುದನ್ನು ತಡೆಯುವುದು. ಓರೆಯಾಗಿ ಬೀಸುವ ಗಾಳಿಯು ನೌಕೆಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಹೆಚ್ಚು ಬಲದಿಂದ ಪಕ್ಕಕ್ಕೆ ನೂಕುತ್ತದೆ. ಆಗ ನೌಕೆಯು ಮೂರು ನಾಲ್ಕು ಡಿಗ್ರಿಗಳಷ್ಟು ಓರೆಯಾಗಿ ಸಾಗುವುದರಿಂದ, ಅಡಿಹಲಗೆಯು ಹಕ್ಕಿಯ ರೆಕ್ಕೆಯಂತೆ ವರ್ತಿಸಿ ಆ ನೂಕಿಗೆ ಎದುರುಬಲವನ್ನು ಹುಟ್ಟಿಸುತ್ತದೆ. ಆದರೆ ಹಲಗೆಯ ಒಂದು ಮಗ್ಗುಲಲ್ಲಿ ಒತ್ತಡ ಹೆಚ್ಚಾಗಿ ಇನ್ನೊಂದರಲ್ಲಿ ಕಡಮೆಯಾಗುವ ಕಾರಣ, ನೀರು ಕೆಳತುದಿಯನ್ನು ಬಳಸಿ ಹರಿದು ಸುಳಿಯನ್ನೆಬ್ಬಿಸುತ್ತದೆ. ಆ ಸುಳಿಗೆ ವ್ಯಯವಾಗುವ ಶಕ್ತಿಯೇ ಪ್ರೇರಿತ ಪ್ರತಿರೋಧವು. ಸಮಾನವಾದ ಎದುರುಬಲಕ್ಕೆ ಈ ಪ್ರತಿರೋಧವು ಆಳದ ವರ್ಗಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಎಂದರೆ ಆಳವು ಅರ್ಧವಾದರೆ ಪ್ರತಿರೋಧವು ನಾಲ್ಮಡಿಯಾಗುವುದು. 6½ ಅಡಿಗೆ ಬದಲಾಗಿ 5½ ಅಡಿಯಿದ್ದಲ್ಲಿ ಸ್ಥೂಲವಾಗಿ ನೂರಕ್ಕೆ 40ರಷ್ಟು ವೃದ್ಧಿಯೆಂದು ಗಣಿತದಿಂದ ಸಿದ್ಧವಾಗುತ್ತದೆ. ಹಾಗೆಂದು ನೌಕೆಯ ವೇಗವು ನೂರಕ್ಕೆ 40ರಷ್ಟು ಕುಗ್ಗುವುದೆಂದು ತಿಳಿಯಬಾರದು. ನೀರಿನ ಉಜ್ಜಾಟ, ಅಲೆಗಳನ್ನೆಬ್ಬಿಸುವ ಶ್ರಮ ಮೊದಲಾದುವು ಸೇರಿದ ಒಟ್ಟು ಪ್ರತಿರೋಧದಲ್ಲಿ ಇದು ಒಂದು ಅಂಶ ಮಾತ್ರ. ಅಲ್ಲದೆ, ಗಾಳಿಯು ಹಿಂದಿನಿಂದ ಬೀಸುವಾಗ ಪಕ್ಕದ ನೂಕು ಇಲ್ಲವಾಗಿ ಈ ವ್ಯತ್ಯಾಸವೂ ಬಹುಮಟ್ಟಿಗೆ ಇಲ್ಲವಾಗುತ್ತದೆ. ನೀರಿಗೆ ತಾಗುವ ಮೈ ಕಡಮೆಯಿದ್ದರೆ ಗಿಡ್ಡ ಹಲಗೆಯ ನೌಕೆಯೇ ಮುಂದಾಗುವುದೂ ಉಂಟು.

ಎರಡನೆಯ ಕಾರ್ಯವು ನೌಕೆಯನ್ನು ನೆಟ್ಟಗೆ ನಿಲ್ಲಿಸುವುದು. ಅಡಿಹಲಗೆಯಲ್ಲಿ ಸೀಸ ಅಥವಾ ಎರಕದ ಕಬ್ಬಿಣವನ್ನು ಇಟ್ಟಿರುತ್ತಾರೆ. ಈ ಭಾರವು ಎಷ್ಟು ಕೆಳಗಿದ್ದರೆ ವಾಲಿದ ನೌಕೆಯನ್ನು ಮೇಲೆತ್ತುವ ಶಕ್ತಿಯು ಅಷ್ಟು ಹೆಚ್ಚು. 4,500 ಕಿಲೋಗ್ರಾಂ ತೂಕದ ಒಂದು ನೌಕೆಯಲ್ಲಿ 1,500 ಕಿಲೋಗ್ರಾಂ ಸೀಸವಿದೆಯೆಂದೂ, ಅದನ್ನು 30 ಸೆಂಟಿಮೀಟರು ಕೆಳಗಿಳಿಸಲಾಯಿತೆಂದೂ ಊಹಿಸೋಣ. ಇಡೀ ನೌಕೆಯ ಗುರುತ್ವಕೇಂದ್ರವು 10 ಸೆಂಟಿಮೀಟರು ಇಳಿಯುತ್ತದೆ. 25 ಡಿಗ್ರಿ ವಾಲಿದಾಗ ಇದರಿಂದ ದೊರೆಯುವ ಹೆಚ್ಚಿನ ಬಲವು, 75 ಕಿಲೋಗ್ರಾಂ ತೂಕದ ಇಬ್ಬರು ನಾವಿಕರು ಮಧ್ಯರೇಖೆಯಿಂದ ಒಂದೂಕಾಲು ಮೀಟರು ದೂರದಲ್ಲಿ ಗಾಳಿಯ ಮಗ್ಗುಲಿಗೆ ಕುಳಿತುದಕ್ಕೆ ಸರಿಸಮಾನವಾಗುತ್ತದೆ. ಗಿಡ್ಡ ಹಲಗೆಯಲ್ಲಿ ಈ ಕೊರತೆಯನ್ನು ತುಂಬಲು ಶಿಲ್ಪಿಯು ಹೆಚ್ಚು ಸೀಸವನ್ನು ಹಾಕುತ್ತಾನೆ, ಇಲ್ಲವೆ ಅದನ್ನು ಹಲಗೆಯ ಕೆಳತುದಿಯಲ್ಲಿ ಗಡ್ಡೆಯ ಆಕಾರದಲ್ಲಿ ಕೂಡಿಸುತ್ತಾನೆ. ತೂಕವು ಹೆಚ್ಚಿದರೆ ಮಂದವಾದ ಗಾಳಿಯಲ್ಲಿ ನೌಕೆಯು ಜಡವಾಗುವುದು.

ಈ ತತ್ತ್ವಗಳನ್ನು ಲೋಕವು ಕಷ್ಟದಿಂದಲೇ ಕಲಿಯಿತು. 19ನೆಯ ಶತಮಾನದಲ್ಲಿ ಅಮೆರಿಕನ್ನರು ಅಗಲವಾಗಿಯೂ ತೆಳುವಾಗಿಯೂ ಇರುವ ಒಡಲನ್ನು ಕಟ್ಟಿ, ಬೇಕಾದಾಗ ಎತ್ತಿಳಿಸಬಹುದಾದ ಹಲಗೆಯನ್ನು ಅದಕ್ಕೆ ಜೋಡಿಸುತ್ತಿದ್ದರು. ಆಂಗ್ಲರು ಕಿರಿದಾದ, ಆಳವಾದ, ಸೀಸದಿಂದ ಭಾರವಾದ ನೌಕೆಗಳನ್ನು ಮೆಚ್ಚುತ್ತಿದ್ದರು. 1876ರ ಜುಲೈ ತಿಂಗಳಿನಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಬಳಿ, ಹಾಯಿಗಳನ್ನು ಏರಿಸಿ ಲಂಗರಿನ ಮೇಲೆ ನಿಂತಿದ್ದ ಮೊಹಾಕ್ ಎಂಬ ದೊಡ್ಡ ವಿಹಾರನೌಕೆಯು ಒಂದೇ ಗಾಳಿಯ ಹೊಡೆತಕ್ಕೆ ಮಗುಚಿಕೊಂಡು, ಒಡೆಯನಾದ ವಿಲಿಯಂ ಗಾರ್ನರನೂ ಅವನ ಪತ್ನಿಯೂ ಇತರರೂ ಮೃತರಾದರು. ಒಡಲ ಅಗಲವನ್ನೇ ನೆಚ್ಚಿದ ನೌಕೆಯು ಸ್ವಲ್ಪ ವಾಲುವವರೆಗೆ ಬಹಳ ದೃಢವಾಗಿದ್ದು, ಮಿತಿಯನ್ನು ಮೀರಿದೊಡನೆ ಹಿಂದಕ್ಕೆ ಬಾರದೆಂಬುದು ಇದರಿಂದ ವಿದಿತವಾಯಿತು. 1885ರಲ್ಲಿ ಎಡ್ವರ್ಡ್ ಬರ್ಜೆಸ್ ರಚಿಸಿದ ಪ್ಯೂರಿಟನ್ ನೌಕೆಯು ಎತ್ತಿಳಿಸುವ ಹಲಗೆಯನ್ನೂ ಹೊರಗಣ ಸೀಸದ ಭಾರವನ್ನೂ ಒಂದುಗೂಡಿಸಿ, ಆಂಗ್ಲರ ಜೆನೆಸ್ಟಾ ನೌಕೆಯನ್ನು ಅಮೆರಿಕ ಕಪ್ಪಿನ ಪಂದ್ಯದಲ್ಲಿ ಸೋಲಿಸಿತು. ಎರಡು ಪಂಥಗಳ ಗುಣಗಳೂ ಒಂದೆಡೆ ಸೇರಬಲ್ಲುವೆಂಬುದಕ್ಕೆ ಇದೊಂದು ನಿದರ್ಶನ.

ಇದಕ್ಕಿಂತ ಉಜ್ಜ್ವಲವಾದ ನಿದರ್ಶನವು ಓಲಿನ್ ಸ್ಟೀಫನ್ಸರು ಕಾರ್ಲ್‌ಟನ್ ಮಿಚೆಲ್ ಎಂಬವರಿಗಾಗಿ ರಚಿಸಿದ ಫಿನಿಸ್ಟೇರ್ ನೌಕೆ. 38 ಅಡಿ 8 ಅಂಗುಲ ಉದ್ದದ ಈ ನೌಕೆಯು ಹಲಗೆಯನ್ನು ಎತ್ತಿದಾಗ ಸುಮಾರು 4 ಅಡಿ ನೀರಿನಲ್ಲಿ ತೇಲಬಲ್ಲುದಾಗಿದ್ದು, ಇಳಿಸಿದಾಗ ಏಳೂವರೆ ಅಡಿಗೆ ಮೀರಿದ ಆಳವನ್ನು ಮುಟ್ಟುತ್ತಿತ್ತು. ವಿಹಾರಕ್ಕೆಂದು ಅಗಲವಾಗಿ, ಭಾರವಾಗಿ ಕಟ್ಟಿದ ಈ ನೌಕೆಯು 1956, 1958, 1960ರ ಬರ್ಮುಡಾ ಪಂದ್ಯಗಳನ್ನು ಒಂದರ ಮೇಲೊಂದರಂತೆ ಗೆದ್ದಿತು. ಆದರೆ ಎತ್ತಿಳಿಸುವ ಹಲಗೆಗೆ ಗೂಡು, ಸರಪಳಿ, ರಾಟೆಗಳು ಬೇಕು. ಅವು ಸವೆಯುವುವು, ಕೆಸರು ಕಟ್ಟುವುವು, ಕೋಣೆಯ ಜಾಗವನ್ನೂ ತಿನ್ನುವುವು.

1983ರಲ್ಲಿ ಬೆನ್ ಲೆಕ್ಸನ್ ರಚಿಸಿದ ಆಸ್ಟ್ರೇಲಿಯಾ 2 ಎಂಬ ನೌಕೆಯು ಅಡಿಹಲಗೆಯ ಕೆಳತುದಿಗೆ ಇಬ್ಬದಿಯಲ್ಲಿ ರೆಕ್ಕೆಗಳನ್ನು ಧರಿಸಿ, ನ್ಯೂಯಾರ್ಕಿನ ಕ್ಲಬ್ಬಿನಲ್ಲಿ 132 ವರ್ಷ ಉಳಿದಿದ್ದ ಅಮೆರಿಕ ಕಪ್ಪನ್ನು ಗೆದ್ದುಕೊಂಡಿತು. ರೆಕ್ಕೆಗಳು ಭಾರವನ್ನು ಕೆಳಗಿಡುವುದಲ್ಲದೆ ತುದಿಯ ಸುಳಿಯನ್ನೂ ತಗ್ಗಿಸುವುವು. ಆದ್ದರಿಂದ ಈ ಉಪಾಯವು ಗಿಡ್ಡ ಹಲಗೆಯ ವಿಹಾರನೌಕೆಗಳಿಗೂ ಹಬ್ಬಿತು. ಇದರಲ್ಲಿಯೂ ಒಂದು ದೋಷವುಂಟು. ಸಾಮಾನ್ಯ ಹಲಗೆಯು ಮರಳಿಗೆ ತಗುಲಿದಾಗ ನಾವಿಕರು ನೌಕೆಯನ್ನು ಒಂದು ಮಗ್ಗುಲಿಗೆ ವಾಲಿಸಿ ಬಿಡಿಸಿಕೊಳ್ಳುತ್ತಾರೆ. ರೆಕ್ಕೆಯುಳ್ಳದ್ದನ್ನು ವಾಲಿಸಿದರೆ ಕೆಳಮಗ್ಗುಲಿನ ರೆಕ್ಕೆಯು ಇನ್ನೂ ಆಳಕ್ಕಿಳಿದು, ಲಂಗರಿನಂತೆ ಕಚ್ಚಿಕೊಳ್ಳುವ ಸಂಭವವಿದೆ.

ಇಷ್ಟೆಲ್ಲ ಇದ್ದರೂ ಗಿಡ್ಡ ಹಲಗೆಯನ್ನು ಬಯಸುವುದೇತಕ್ಕೆಂದರೆ, ಸಮುದ್ರವೆಲ್ಲವೂ ಆಳವಾಗಿಲ್ಲ. ಅಮೆರಿಕದ ಚೆಸಪೀಕ್ ಕೊಲ್ಲಿಯ ಸರಾಸರಿ ಆಳವು ಸುಮಾರು 21 ಅಡಿ ಮಾತ್ರ. ಅದರ ಕವಲುಗಳಲ್ಲಿ ನೀರು ಇನ್ನೂ ಕಡಮೆ. ಬಹಾಮಾ ದ್ವೀಪಗಳ ಮರಳುದಿಬ್ಬಗಳೂ ಅಂತೆಯೇ. ಕನ್ನಡ ಕರಾವಳಿಯ ಅಳಿವೆಗಳಲ್ಲಿ ಭರತಕ್ಕಾಗಿ ಕಾಯುವ ದೋಣಿಗಳನ್ನು ಕಂಡವರಿಗೆ ಈ ತೊಡಕು ಅಪರಿಚಿತವಲ್ಲ. ಸುರಕ್ಷಿತವಾದ ಬಂದರನ್ನು ಪ್ರವೇಶಿಸಲಾರದ ನೌಕೆಗೆ ಬಿರುಗಾಳಿಯ ದಿನ ವೇಗದಿಂದ ಪ್ರಯೋಜನವೇನು?

ಬಿರುಗಾಳಿಯ ವಿಚಾರದಲ್ಲಿ 1979ರ ಆಗಸ್ಟಿನ ಫಾಸ್ಟ್‌ನೆಟ್ ಪಂದ್ಯವು ದಾರುಣವಾದ ಪಾಠವನ್ನು ಕಲಿಸಿತು. ಹೊರಟ 303 ನೌಕೆಗಳಲ್ಲಿ 85 ಮಾತ್ರ ಗುರಿಯನ್ನು ಮುಟ್ಟಿದುವು, 24 ನೌಕೆಗಳನ್ನು ನಾವಿಕರು ತೊರೆದರು, 5 ಮುಳುಗಿದುವು, ಪಂದ್ಯದಲ್ಲಿದ್ದ 15 ಮಂದಿ ಮಡಿದರು. ಅತಿ ಚಿಕ್ಕ ನೌಕೆಗಳ ವರ್ಗದಲ್ಲಿ ಗುರಿ ಮುಟ್ಟಿದುದು ಒಂದು ಕಾಂಟೆಸ್ಸಾ 32 ಮಾತ್ರ. ಅದರ ಆಳವು ಸುಮಾರು 5½ ಅಡಿ, ಅತಿ ಹೆಚ್ಚೇನೂ ಅಲ್ಲ. ಆದರೆ ಅದರ ಒಡಲು ಕಿರಿದು, ತೂಕದ ಅರ್ಧದಷ್ಟು ಅಡಿಭಾರ. ಅದು 150 ಡಿಗ್ರಿಗಳನ್ನು ಮೀರಿ ವಾಲಿದರೂ ಮತ್ತೆ ಏಳಬಲ್ಲುದೆಂದು ಪಂದ್ಯದ ಬಳಿಕ ನಡೆದ ವಿಚಾರಣೆಯಲ್ಲಿ ಗಣಿಸಲ್ಪಟ್ಟಿತು. ಅದರೊಡನೆ ಹೋಲಿಸಲ್ಪಟ್ಟ ಅಗಲವಾದ, ಹಗುರವಾದ ಪಂದ್ಯನೌಕೆಯ ಮಿತಿಯು 120 ಡಿಗ್ರಿಗಳನ್ನೂ ಮುಟ್ಟಲಿಲ್ಲ. ಆದುದರಿಂದ ಆಳವೊಂದೇ ರಕ್ಷಣೆಯೆಂದು ಭಾವಿಸುವುದು ತಪ್ಪು. ಒಡಲಿನ ಅಗಲ, ಭಾರದ ಪ್ರಮಾಣ, ಅದು ಇರುವ ಸ್ಥಾನ ಇವೆಲ್ಲವನ್ನೂ ಕೂಡಿಸಿ ನೋಡಬೇಕು.

ಪಂದ್ಯಗಳಲ್ಲಿ ಗಿಡ್ಡ ಹಲಗೆಯ ನೌಕೆಗೆ ಪ್ರತಿ ಮೈಲಿಗೆ ಕೆಲವು ಸೆಕೆಂಡುಗಳ ರಿಯಾಯಿತಿಯನ್ನು ಕೊಡುವ ಪದ್ಧತಿಯುಂಟು. ಮೈಲಿಗೆ 6 ಸೆಕೆಂಡಿನಂತೆ ಲೆಕ್ಕ ಹಾಕಿದರೆ 20 ಮೈಲಿಯ ಪಂದ್ಯದಲ್ಲಿ ಎರಡು ನಿಮಿಷ. ಆದರೆ ಇದು ಎಲ್ಲ ಬಗೆಯ ಗಾಳಿಗೂ ಸೇರಿದ ಸರಾಸರಿ. ಬಲವಾದ ಎದುರುಗಾಳಿಯ ದಿನ ಈ ರಿಯಾಯಿತಿಯು ಸಾಲದು. ಹಿಂಗಾಳಿಯ ದಿನ ಅದು ಹೆಚ್ಚೇ ಆಗುವುದು.

ಒಟ್ಟಿನಲ್ಲಿ, ಆಳವಾದ ನೀರಿನಲ್ಲಿ ಗಾಳಿಗೆ ಎದುರಾಗಿ ಸ್ಪರ್ಧಿಸುವವನಿಗೆ ಆಳದ ಹಲಗೆಯೇ ಶ್ರೇಯಸ್ಕರ. ಕೊಲ್ಲಿಗಳಲ್ಲಿಯೂ ಅಳಿವೆಗಳಲ್ಲಿಯೂ ತಂಗುತ್ತ ವಿಹರಿಸುವವನಿಗೆ, ಅಡಿಭಾರದಲ್ಲಿ ಕೊರತೆಯಿಲ್ಲದ ಪಕ್ಷದಲ್ಲಿ, ಗಿಡ್ಡ ಹಲಗೆಯೇ ಸಾಕು. ಕೊಳ್ಳುವವನು ಮೊದಲು ಅಳೆಯಬೇಕಾದುದು ತನ್ನ ಬಂದರಿನ ಇಳಿತದ ನೀರನ್ನು. ನೌಕೆಯ ವೇಗವನ್ನು ಅನಂತರ.