ಐವತ್ತು ಪೈಸೆ ಎಲ್ಲಿ ಹೋಯ್ತು?

ಹೋದ ಫೆಸ್ಟ್‌ನ ರಿಜಿಸ್ಟ್ರೇಶನ್ ಪೇಜನ್ನು ನಾವು ನಾಲ್ಕು ಜನ ಸೇರಿ ಪಿಎಚ್‌ಪಿ 7ರಲ್ಲಿ ಬರೆದಿದ್ವಿ. ಫೀಸು 149.50 ರೂಪಾಯಿ (ಆ ಐವತ್ತು ಪೈಸೆ ಯಾಕೆ ಅಂತ ಕೇಳಬೇಡಿ). ಲೆಕ್ಕ ನೋಡಿದ್ರೆ ಪ್ರತಿ ರಸೀದಿಯಲ್ಲೂ 149. ಎರರ್ ಇಲ್ಲ, ವಾರ್ನಿಂಗೂ ಇಲ್ಲ.

ಫಾರ್ಮ್‌ನಲ್ಲಿ ಟೈಪ್ ಮಾಡಿದ್ದು ನಮ್ಮ ಕೈಗೆ ಸ್ಟ್ರಿಂಗ್ ಆಗಿಯೇ ಬರುತ್ತೆ. ನಮ್ಮ ಮೆಥಡ್ ಕೇಳ್ತಿದ್ದದ್ದು ಇಂಟ್. ಪಿಎಚ್‌ಪಿ ತಾನೇ ಸ್ಟ್ರಿಂಗನ್ನು ಇಂಟ್ ಮಾಡಿ, ದಶಮಾಂಶ ಕತ್ತರಿಸಿ, ಸುಮ್ಮನೆ ಮುಂದೆ ಹೋಗಿತ್ತು. 8.1ರಿಂದ ಇಂಥ ಕಡೆ ಡಿಪ್ರಿಕೇಶನ್ ಸೂಚನೆ ಬರುತ್ತೆ, ಆದರೂ ಕೋಡ್ ನಿಲ್ಲಲ್ಲ.

ನಿಲ್ಲಿಸೋದಕ್ಕೆ ಫೈಲಿನ ತಲೆಯಲ್ಲಿ ಸ್ಟ್ರಿಕ್ಟ್ ಟೈಪ್ಸ್ ಡಿಕ್ಲೇರ್ ಮಾಡಬೇಕು. ನಾವು ಅದನ್ನು ಕ್ಲಾಸ್ ಇರೋ ಫೈಲಿಗೆ ಹಾಕಿ, ಏನೂ ಬದಲಾಗದೆ ಒಂದು ಸಂಜೆ ತಲೆ ಕೆರೆದುಕೊಂಡ್ವಿ. ಆರ್ಗ್ಯುಮೆಂಟ್ ವಿಷಯದಲ್ಲಿ ಲೆಕ್ಕಕ್ಕೆ ಬರೋದು ಮೆಥಡ್ಡನ್ನು ಕರೆಯೋ ಫೈಲು! ಅಲ್ಲಿ ಹಾಕಿದ ತಕ್ಷಣ ಟೈಪ್ ಎರರ್ ಬಂತು. ಆಗ ಒಬ್ಬ ಇಂಟ್ ಕಾಸ್ಟ್ ಹಾಕಿ ಎರರ್ ಓಡಿಸಿದ, ಮತ್ತೆ 149! ಕಾಸ್ಟ್ ಅಂದ್ರೆ ಎರರನ್ನು ಚಾಪೆ ಕೆಳಗೆ ಗುಡಿಸಿದ ಹಾಗೆ. ಕೊನೆಗೆ ಫಾರ್ಮ್ ಓದೋ ಜಾಗದಲ್ಲೇ ನೂರರಿಂದ ಗುಣಿಸಿ, ರೌಂಡ್ ಮಾಡಿ, ಪೈಸೆ ಲೆಕ್ಕದ ಇಂಟ್ ಮಾಡಿಕೊಂಡ್ವಿ. ರೌಂಡ್ ಬಿಡಬೇಡಿ: 19.99ನ್ನು ನೂರರಿಂದ ಗುಣಿಸಿ ನೇರ ಇಂಟ್‌ಗೆ ಕಾಸ್ಟ್ ಮಾಡಿದ್ರೆ 1998 ಬರುತ್ತೆ.

ಇನ್ನೊಂದು ಎಡವಟ್ಟು ಇಂಟರ್‌ಫೇಸಿನದು. ಹಣ ಕಟ್ಟಿಸಿಕೊಳ್ಳೋ ಮೆಥಡ್‌ಗೆ ರಿಟರ್ನ್ ಟೈಪ್ ಬರೆದಿರಲಿಲ್ಲ. ಯುಪಿಐ ಕ್ಲಾಸ್ ರಸೀದಿ ಆಬ್ಜೆಕ್ಟ್ ಕೊಡ್ತಿತ್ತು, ಕ್ಯಾಶ್ ಕ್ಲಾಸ್ ಬರೀ ಟ್ರೂ. ಎರಡೂ ಒಂದೇ ಇಂಟರ್‌ಫೇಸ್ ಇಂಪ್ಲಿಮೆಂಟ್ ಮಾಡಿದ್ವು, ಪಿಎಚ್‌ಪಿ ತಕರಾರು ತೆಗೀಲಿಲ್ಲ. ಕ್ಯಾಶ್ ತಂದವರಿಗೆ ಮಾತ್ರ ಪ್ರಿಂಟ್ ಪೇಜ್ ಸಾಯ್ತಿತ್ತು. ತಪ್ಪು ಒಂದು ಕಡೆ, ಎರರ್ ಇನ್ನೊಂದು ಕಡೆ.

ಇಂಟರ್‌ಫೇಸಲ್ಲಿ 'ರಸೀದಿ' ಅಂತ ರಿಟರ್ನ್ ಟೈಪ್ ಬರೆದ ಕೂಡಲೇ, ಅದನ್ನು ಬರೆಯದ ಕ್ಯಾಶ್ ಕ್ಲಾಸ್ ಲೋಡ್ ಆಗೋವಾಗಲೇ ಫೇಟಲ್ ಎರರ್. ಬರೆದು ಟ್ರೂ ಕೊಟ್ರೆ ಆ ಮೆಥಡ್ಡಿನಲ್ಲೇ ಟೈಪ್ ಎರರ್. ಹಾಗಂತ ಸಿಗ್ನೇಚರ್ ಅಕ್ಷರಶಃ ಒಂದೇ ಇರಬೇಕಿಲ್ಲ. 7.4ರಿಂದ ಇಂಪ್ಲಿಮೆಂಟ್ ಮಾಡೋ ಕ್ಲಾಸು ಪ್ಯಾರಾಮೀಟರಲ್ಲಿ ಇನ್ನೂ ವಿಶಾಲವಾದ ಟೈಪ್ ಒಪ್ಪಿಕೊಳ್ಳಬಹುದು, ರಿಟರ್ನಲ್ಲಿ ಇನ್ನೂ ನಿರ್ದಿಷ್ಟವಾದದ್ದನ್ನು ಕೊಡಬಹುದು. ಉಲ್ಟಾ ಮಾತ್ರ ನಡೆಯಲ್ಲ. 'ರಸೀದಿ' ಕೇಳಿದ ಕಡೆ 'ಯುಪಿಐ ರಸೀದಿ' ಕೊಟ್ರೆ ಪ್ರಿಂಟ್ ಪೇಜಿಗೆ ತೊಂದ್ರೆ ಇಲ್ಲ, ಅದೂ ರಸೀದಿಯೇ ತಾನೆ.

ಈಗ ಪುಶ್ ಮಾಡೋ ಮುಂಚೆ ಪಿಎಚ್‌ಪಿಸ್ಟ್ಯಾನ್ ಓಡಿಸ್ತೀವಿ, ಕೋಡ್ ಓಡಿಸದೆಯೇ ಇಂಥ ಟೈಪ್ ತಪ್ಪುಗಳನ್ನು ತೋರಿಸುತ್ತೆ. ಕಮ್ಮಿ ಬಿದ್ದ ಐವತ್ತು ಪೈಸೆಗಳನ್ನೆಲ್ಲ ನಾವು ನಾಲ್ಕೂ ಜನ ಜೇಬಿಂದ ತುಂಬಿದ್ವಿ.