ಬೀಕನ್ ಕೂಗು ಉಪಗ್ರಹಕ್ಕೆ ಮುಟ್ಟಬೇಕಾದರೆ

2010ರ ಆಗಸ್ಟ್ 9ರಂದು ಅಮೆರಿಕದ ಮಾಜಿ ಸೆನೆಟರ್ ಟೆಡ್ ಸ್ಟೀವನ್ಸ್ ಮತ್ತು ಇನ್ನೂ ಎಂಟು ಮಂದಿಯಿದ್ದ ಆಟರ್ ಮಾದರಿಯ ವಿಮಾನ ಅಲಾಸ್ಕಾದ ಅಲೆಕ್ನಾಗಿಕ್ ಬಳಿಯ ಬೆಟ್ಟಕ್ಕೆ ಬಡಿಯಿತು. ಸ್ಟೀವನ್ಸ್ ಸೇರಿ ಐವರು ಸತ್ತರು. ನಾಲ್ವರು ತೀವ್ರವಾಗಿ ಗಾಯಗೊಂಡು ಬದುಕಿದ್ದರು. ವಿಮಾನದಲ್ಲಿ ತುರ್ತು ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ಆಧುನಿಕ ಬೀಕನ್ ಇತ್ತು. ಆದರೆ ಹೊಡೆತಕ್ಕೆ ಆ ಪೆಟ್ಟಿಗೆ ತನ್ನ ತಟ್ಟೆಯಿಂದ ಕಳಚಿ, ಆಂಟೆನಾದ ಸಂಪರ್ಕ ತಪ್ಪಿಹೋಗಿತ್ತು. ಉಪಗ್ರಹಗಳಿಗೆ ಏನೂ ಕೇಳಿಸಲಿಲ್ಲ. ವಿಮಾನ ಎಲ್ಲಿಗೂ ತಲುಪಿಲ್ಲವೆಂದು ಗೊತ್ತಾಗಿ, ಪೈಲಟ್‌ಗಳು ತಾವಾಗಿ ಹುಡುಕಲು ಹೊರಟು ಅವಶೇಷ ಕಾಣುವ ಹೊತ್ತಿಗೆ ಗಂಟೆಗಟ್ಟಲೆ ಕಳೆದಿತ್ತು.

ಎಮರ್ಜೆನ್ಸಿ ಲೊಕೇಟರ್ ಟ್ರಾನ್ಸ್‌ಮಿಟರ್ ಅಥವಾ ಇಎಲ್‌ಟಿ ಎಂಬ ಈ ಸಾಧನದ ಹಿಂದೆ ಕರುಳು ಹಿಂಡುವ ಕಥೆಯೊಂದಿದೆ. 1967ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಟ್ರಿನಿಟಿ ಬೆಟ್ಟಗಳಲ್ಲಿ ಬಿದ್ದ ಪುಟ್ಟ ವಿಮಾನದಲ್ಲಿ ತಾಯಿ ಮತ್ತು ಹದಿಹರೆಯದ ಮಗಳು ಸುಮಾರು ಎರಡು ತಿಂಗಳು ಹಿಮದ ನಡುವೆ ಜೀವ ಹಿಡಿದುಕೊಂಡಿದ್ದರು. ನೆರವು ತರಲು ಹೊರಟ ಮಲತಂದೆ ಹಿಂದಿರುಗಲಿಲ್ಲ. ಅವಶೇಷ ಸಿಕ್ಕಿದ್ದು ಶರತ್ಕಾಲದಲ್ಲಿ, ಮಗಳು ಬರೆದಿಟ್ಟ ದಿನಚರಿಯ ಜೊತೆಗೆ. ಅಮೆರಿಕದ ಸಂಸತ್ತು ಬೀಕನ್ ಕಡ್ಡಾಯ ಮಾಡಿದ್ದು 1970ರಲ್ಲಿ.

ಯಾವ ಬೀಕನ್ ಕೊಳ್ಳಬೇಕೆಂಬ ಪ್ರಶ್ನೆಗೆ ಈಗ ಉತ್ತರ ಸುಲಭ. ಹಳೆಯ 121.5 ಮೆಗಾಹರ್ಟ್ಸ್ ಬೀಕನ್‌ಗಳನ್ನು ಉಪಗ್ರಹಗಳು ಆಲಿಸುವುದು 2009ರ ಫೆಬ್ರವರಿ 1ಕ್ಕೇ ನಿಂತಿತು. 406ರ ಬೀಕನ್ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಕಾಲ, 5 ವಾಟ್ ಶಕ್ತಿಯಲ್ಲಿ ಡಿಜಿಟಲ್ ಸಂದೇಶ ಕಳಿಸುತ್ತದೆ. ಆ ಸಂದೇಶದಲ್ಲಿ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಜಿಪಿಎಸ್ ಜೋಡಿಸಿದ್ದರೆ ಬಿದ್ದ ಜಾಗ ನೂರು ಮೀಟರಿನ ಅಂದಾಜಿಗೆ ಸಿಗುತ್ತದೆ. ಇಲ್ಲದಿದ್ದರೆ ಕೆಲವು ಕಿಲೋಮೀಟರ್ ಸುತ್ತ ಹುಡುಕಬೇಕು. ಕಾಡಿನಲ್ಲಿ ಈ ಅಂತರ ಬಹಳ ದೊಡ್ಡದು, ಹಾಗಾಗಿ ಜಿಪಿಎಸ್ ಜೋಡಣೆಯ ಖರ್ಚಿಗೆ ಹಿಂಜರಿಯಬಾರದು. 121.5ರ ಕ್ಷೀಣ ಸಂಕೇತ ಹೊಸ ಬೀಕನ್‌ಗಳಲ್ಲೂ ಉಂಟು. ಹತ್ತಿರ ಬಂದ ರಕ್ಷಣಾ ತಂಡ ಅದರ ಜಾಡು ಹಿಡಿದು ಬರುತ್ತದೆ.

ನಿಜವಾದ ಪರೀಕ್ಷೆ ಇರುವುದು ಅಳವಡಿಕೆಯಲ್ಲಿ. ಅಪಘಾತದಲ್ಲಿ ಮೂತಿ ನುಜ್ಜಾದರೂ ಬಾಲದ ಭಾಗ ಉಳಿಯುವ ಸಂಭವ ಹೆಚ್ಚು, ಆದ್ದರಿಂದ ಪೆಟ್ಟಿಗೆಯನ್ನು ಆದಷ್ಟು ಹಿಂದಕ್ಕೆ ಕೂರಿಸುತ್ತಾರೆ. ಕೂರಿಸುವ ಜಾಗ ಗಟ್ಟಿಯಾಗಿರಬೇಕು: 450 ನ್ಯೂಟನ್ ಬಲ ಹಾಕಿ ಎಳೆದರೂ 2.5 ಮಿಲಿಮೀಟರಿಗಿಂತ ಹೆಚ್ಚು ಬಾಗಬಾರದು ಎಂಬುದು ನಿಯಮ. ತೆಳು ಅಲ್ಯೂಮಿನಿಯಂ ಹಾಳೆಗೆ ನೇರವಾಗಿ ಸ್ಕ್ರೂ ಬಿಗಿದರೆ ಅದು ಡ್ರಮ್ಮಿನ ಚರ್ಮದಂತೆ ಅದುರುತ್ತದೆ. ಪೆಟ್ಟಿಗೆಯೊಳಗಿನ ಜಿ-ಸ್ವಿಚ್ ವೇಗ ಹಠಾತ್ತಾಗಿ ಇಳಿಯುವುದನ್ನು ಗ್ರಹಿಸಿ ಬೀಕನ್ ಎಬ್ಬಿಸುತ್ತದೆ. ಅದುರುವ ಜಾಗದಲ್ಲಿ ಆ ಗ್ರಹಿಕೆಯೇ ಕೆಡುತ್ತದೆ. ಪೆಟ್ಟಿಗೆಯ ಮೇಲಿನ ಬಾಣದ ಗುರುತು ಹಾರಾಟದ ದಿಕ್ಕಿಗೆ ಹೊಂದಬೇಕು. ಹೆಲಿಕಾಪ್ಟರ್ ನೆಟ್ಟಗೆ ಕೆಳಕ್ಕೂ ಬೀಳಬಹುದಾದ್ದರಿಂದ ಅದರ ಲೆಕ್ಕವೇ ಬೇರೆ.

ಹಲವು ಮಾದರಿಗಳಲ್ಲಿ ಪೆಟ್ಟಿಗೆಯನ್ನು ತಟ್ಟೆಗೆ ಕಟ್ಟುತ್ತಿದ್ದುದು ವೆಲ್ಕ್ರೋ ಪಟ್ಟಿ. ಅದು ವರ್ಷಗಳಲ್ಲಿ ಸಡಿಲಾಗುತ್ತದೆ. ಎಣ್ಣೆ, ಧೂಳು ಕೂತರೆ ಇನ್ನೂ ಬೇಗ. ಅಮೆರಿಕದ ವಿಮಾನಯಾನ ಆಡಳಿತ 2012ರಲ್ಲಿ ಹೊಸ ವಿನ್ಯಾಸಗಳಿಗೆ ಈ ಪಟ್ಟಿಯನ್ನು ನಿಷೇಧಿಸಿತು. ಈಗಾಗಲೇ ಹಾರುತ್ತಿರುವ ಹಳೆಯ ವಿಮಾನಗಳಲ್ಲಿ ವೆಲ್ಕ್ರೋ ಕಂಡರೆ ಲೋಹದ ಪಟ್ಟಿಗೆ ಬದಲಾಯಿಸುವುದೇ ಲೇಸು.

ಕೇಬಲ್ ಬಗ್ಗೆಯೂ ಅಷ್ಟೇ ಕಾಳಜಿ ಬೇಕು. ಆಂಟೆನಾ ವಿಮಾನದ ಬೆನ್ನ ಮೇಲೆ ನೆಟ್ಟಗೆ, ಪೆಟ್ಟಿಗೆಗೆ ಆದಷ್ಟು ಹತ್ತಿರದಲ್ಲಿರಬೇಕು. ಒಡಲಿನ ಎರಡು ಭಾಗಗಳು ಸೇರುವ ಸಂಧಿಯನ್ನು ದಾಟಿ ಕೇಬಲ್ ಎಳೆದರೆ, ವಿಮಾನ ಅಲ್ಲೇ ತುಂಡಾದಾಗ ಕೇಬಲ್ಲೂ ತುಂಡಾಗುತ್ತದೆ. ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಟ್ಟರೆ ಪೆಟ್ಟಿಗೆ ತುಸು ಜರುಗಿದರೂ ಸಂಪರ್ಕ ಉಳಿದೀತು. ಫೈಬರ್‌ಗ್ಲಾಸ್ ವಿಮಾನಗಳಲ್ಲಿ ಆಂಟೆನಾದ ಬುಡಕ್ಕೆ ಲೋಹದ ತಳ ಒದಗಿಸಬೇಕು, ಇಲ್ಲವಾದರೆ ಸಂಕೇತ ದುರ್ಬಲವಾಗುತ್ತದೆ.

ಇಷ್ಟಾದ ಮೇಲೆ ಉಳಿಯುವುದು ನೋಂದಣಿ, ಅಂದರೆ ಬೀಕನ್ನಿನ ಗುರುತಿನ ಸಂಖ್ಯೆಯ ಜೊತೆ ಮಾಲೀಕನ ಫೋನ್ ನಂಬರನ್ನು ದಾಖಲಿಸುವುದು. ಭಾರತದ ಬೀಕನ್‌ಗಳ ಸಂದೇಶ ಬಂದು ಸೇರುವುದು ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರಕ್ಕೆ. ಶ್ರೀಲಂಕಾ, ನೇಪಾಳ, ಮಾಲ್ಡೀವ್ಸ್‌ನಂಥ ನೆರೆ ದೇಶಗಳಿಗೂ ಅದೇ ಕೇಂದ್ರ ಸೇವೆ ಒದಗಿಸುತ್ತದೆ. ಒರಟಾದ ಇಳಿತಕ್ಕೋ ರಿಪೇರಿಯ ಹೊತ್ತಿನ ಕೈತಪ್ಪಿಗೋ ಬೀಕನ್ ಎದ್ದು ಕೂಗುವುದು ಎಲ್ಲೆಡೆ ನಡೆಯುತ್ತದೆ. ಆದ್ದರಿಂದ ಸಂಕೇತ ಸಿಕ್ಕಾಗ ರಕ್ಷಣಾ ಸಿಬ್ಬಂದಿ ಮೊದಲು ನೋಂದಾಯಿತ ಸಂಖ್ಯೆಗೆ ಫೋನ್ ಮಾಡಿ ವಿಮಾನ ಎಲ್ಲಿದೆಯೆಂದು ವಿಚಾರಿಸುತ್ತಾರೆ. ವಿಮಾನ ಮಾರಿದಾಗ ಬೀಕನ್ನಿನ ದಾಖಲೆಯಲ್ಲಿ ಹಳೆಯ ಮಾಲೀಕನ ನಂಬರೇ ಉಳಿದರೆ ಆ ಕರೆ ತಪ್ಪು ಮನೆಗೆ ಹೋಗುತ್ತದೆ. ಖರೀದಿಯ ಕಾಗದಪತ್ರಕ್ಕೆ ಸಹಿ ಬಿದ್ದ ದಿನವೇ ಈ ತಿದ್ದುಪಡಿಯನ್ನೂ ಮಾಡಿಸಬೇಕು.